ಪದಚರ್ಚೆ: ‘ಸೆಮಿ ಡಿಟ್ಯಾಚ್ಡ್’ ಮನೆಗೆ, ಅದರ ನಡುಗೋಡೆಗೆ ನಿಮ್ಮ ಕಡೆ ಏನಂತಾರೆ?

ಎಲ್ಲರಿಗೂ ನಮಸ್ಕಾರ.

ಮೈಸೂರಿನಲ್ಲಿ ಅಪ್ಪ ಕೊಂಡಿಟ್ಟಿದ್ದ 40×60 ಸೈಟಿನಲ್ಲಿ ನಾನೂ ತಮ್ಮನೂ ಒಂದೊಂದು ಮನೆ ಕಟ್ಟಿಸಲು ಹೊರಟಿದ್ದೇವೆ. ಉದ್ದಕ್ಕೆ ಸೀಳಿದರೆ ತಲಾ 20 ಅಡಿ ಅಗಲ. ಎರಡೂ ಪಕ್ಕ ಜಾಗ ಬಿಟ್ಟರೆ ಮನೆ ರೈಲುಡಬ್ಬಿಯಾಗುತ್ತದೆ. ಅದಕ್ಕೇ ಇಬ್ಬರಿಗೂ ಸೇರಿ ನಡುವೆ ಒಂದೇ ಗೋಡೆ, ಹೊರಪಕ್ಕಕ್ಕೆ ಮಾತ್ರ ನಾಲ್ಕು ಅಡಿ. ಹೊರಗೋಡೆ 9 ಇಂಚು, ನಡುಗೋಡೆಯಲ್ಲಿ ನಮ್ಮ ಪಾಲು ನಾಲ್ಕೂವರೆ ಇಂಚು ಕಳೆದರೆ ಒಳಗೆ ಸಿಗುವುದು 15 ಅಡಿಗೆ ಒಂದೂವರೆ ಇಂಚು ಕಡಿಮೆ.

ಇಂಜಿನಿಯರು ಪ್ಲಾನಿನ ಮೇಲೆ ‘ಸೆಮಿ ಡಿಟ್ಯಾಚ್ಡ್’ ಎಂದು ಬರೆದಿದ್ದಾರೆ. ನ್ಯಾಷನಲ್ ಬಿಲ್ಡಿಂಗ್ ಕೋಡಿನ ಪ್ರಕಾರ ಹಾಗೆಂದರೆ ಮೂರು ಕಡೆ ತೆರವಿರುವ ಕಟ್ಟಡ. ಅಮ್ಮ ಓದಿ ನೋಡಲು ಕನ್ನಡದಲ್ಲೊಂದು ಪ್ರತಿ ಬೇಕು. ಮುಂದೆ ವಿಭಾಗಪತ್ರ ಬರೆಸುವಾಗಲೂ ಇವೇ ಹೆಸರು ಬರುತ್ತವೆ.

ಯಾರೋ ‘ಅರೆಬೇರ್ಪಟ್ಟ ಮನೆ’ ಎಂದು ಸೂಚಿಸಿದರು. ನಮ್ಮ ಕಡೆ ‘ಅವರು ಬೇರೆ ಆದ್ರಂತೆ’ ಅಂದರೆ ಅಣ್ಣತಮ್ಮಂದಿರು ಭಾಗವಾದರು ಅಂತ. ಅರೆಬೇರ್ಪಟ್ಟವರು ಎಂದರೆ ಜಗಳ ಇನ್ನೂ ನಡೆಯುತ್ತಿದೆ ಎಂದೇ ಅರ್ಥವಾದೀತು! ‘ಜೋಡಿಮನೆ’ ಕಿವಿಗೆ ಚೆನ್ನಾಗಿದೆ. ಹಳೇ ಮೈಸೂರಿನ ಕಂದಾಯದ ಕಾಗದಗಳಲ್ಲಿ ‘ಜೋಡಿ’ ಎಂದರೆ ಇನಾಂ ಜಮೀನಿನ ಮೇಲಿನ ಕಡಿಮೆ ಕಂದಾಯ, ಜೋಡಿದಾರರು ಎಂಬುವರೇ ಇದ್ದರು. ಆದರೆ 1954ರ ಇನಾಂ ರದ್ದತಿ ಕಾಯ್ದೆ ಬಂದ ಮೇಲೆ ಈ ಅರ್ಥ ಹಿಡಿದು ಯಾರೂ ಗೊಂದಲಪಡಲಾರರು.

‘ಅವಳಿಮನೆ’ ಎಂದರೆ ಎರಡೂ ಒಂದೇ ಅಚ್ಚಿನವು ಎಂಬ ಭಾವ ಬರುತ್ತದೆ. ನಮ್ಮವು ಹಾಗಿಲ್ಲ. ರಸ್ತೆ ಪೂರ್ವಕ್ಕಿದೆ, ಉತ್ತರದ ಅರ್ಧ ನನ್ನದು, ದಕ್ಷಿಣದ್ದು ತಮ್ಮನದು. ಒಂದರ ಪ್ಲಾನನ್ನು ಮಗುಚಿ ಇನ್ನೊಂದಕ್ಕೆ ಹಾಕೋಣವೆಂದರೆ ವಾಸ್ತು ಅಡ್ಡ ಬಂತು, ಅದರ ಪ್ರಕಾರ ಅಡುಗೆಮನೆ ಆಗ್ನೇಯಕ್ಕಿರಬೇಕು. ಆಗ್ನೇಯ ಮೂಲೆ ತಮ್ಮನ ಮನೆಯಲ್ಲಿ ಹೊರಗೋಡೆಗೆ ಬರುತ್ತದೆ, ಅಲ್ಲಿ ಅಡುಗೆಮನೆಗೆ ಎರಡು ಕಡೆ ಕಿಟಕಿ. ನನ್ನ ಮನೆಯಲ್ಲಿ ಅದೇ ಮೂಲೆ ನಡುಗೋಡೆಗೆ ಅಂಟಿಕೊಂಡಿದೆ, ಕಿಟಕಿ ಇಟ್ಟರೆ ಬೀದಿಗೇ ಇಡಬೇಕು. ‘ಒಗ್ಗರಣೆ ಹಾಕೋದನ್ನ ಹೋಗೋರು ಬರೋರೆಲ್ಲ ನೋಡ್ಬೇಕಾ?’ ಎಂದರು ಅಮ್ಮ. ಕೊನೆಗೆ ನನ್ನದು ವಾಯವ್ಯಕ್ಕೆ, ಹಿಂದುಗಡೆಗೆ ಹೋಯಿತು. ನಡುಗೋಡೆಗೆ ಒತ್ತಿಕೊಂಡು ಕಿಟಕಿ ಬೇಡದ್ದನ್ನೆಲ್ಲ ಇಟ್ಟಿದ್ದೇವೆ: ಮೆಟ್ಟಿಲು, ದೇವರಮನೆ, ಉಗ್ರಾಣ.

ಇನ್ನು ಕೋಣೆಗಳ ಹೆಸರು. ಅಡುಗೆಮನೆ, ದೇವರಮನೆ, ಬಚ್ಚಲುಮನೆ, ನಡುಮನೆ, ಹೀಗೆ ಒಂದು ಮನೆಯೊಳಗೆ ನಾಲ್ಕಾರು ಮನೆ. ಒಲೆ, ದೇವರು, ಹಂಡೆ ಇರುವ ಕಡೆಯೆಲ್ಲ ‘ಮನೆ’. ಮಲಗುವುದು ಮಾತ್ರ ‘ಕೋಣೆ’. ಹಿಂದೆ ಅದಕ್ಕೆಂದೇ ಗೊತ್ತಾದ ಜಾಗ ಇರುತ್ತಿದ್ದುದು ಕಡಿಮೆ, ನಡುಮನೆಯಲ್ಲಿ ಹಾಸಿಗೆ ಹಾಸಿದರಾಯಿತು, ಬೆಳಿಗ್ಗೆ ಸುತ್ತಿಟ್ಟರಾಯಿತು. ಅದರಿಂದಲೇ ಇರಬಹುದೇ? ಇದು ನನ್ನ ಊಹೆ, ಒಪ್ಪದವರು ಹೇಳಿ.

ಪ್ಲಾನಿನಲ್ಲಿ ‘ಲಿವಿಂಗ್’ ಎಂದಿರುವುದಕ್ಕೆ ನಾನು ‘ನಡುಮನೆ’ ಎಂದು ಬರೆದೆ. ಧಾರವಾಡದ ಕಡೆಯ ನನ್ನ ಹೆಂಡತಿ, ಬಾಗಿಲು ತೆಗೆದ ಕೂಡಲೇ ಸಿಗುವುದು ‘ಪಡಸಾಲಿ’, ನಡುಮನಿ ಅಂದ್ರ ಅದರ ಒಳಗಿಂದು ಎಂದಳು. ಮಂಗಳೂರಿನ ಕಡೆಯವರಾದರೆ ‘ಚಾವಡಿ’ ಎನ್ನುತ್ತಿದ್ದರೇನೋ. ಜಗಲಿಯ ಪಾಡೂ ಅದೇ. ನಮಗದು ಬಾಗಿಲ ಹೊರಗೆ ಕೂರುವ ಕಟ್ಟೆ, ಮಲೆನಾಡಿನಲ್ಲಿ ನೆಂಟರಿಗೆ ಚಾಪೆ ಹಾಸುವಷ್ಟು ಉದ್ದದ ಮುಂಭಾಗ.

ಬಚ್ಚಲಿಗೆ ಸೇರಿದ ಇನ್ನೊಂದು ಜಾಗಕ್ಕೆ ‘ಶೌಚಾಲಯ’ ಎಂದು ಬರೆದಿದ್ದಕ್ಕೆ ‘ಬಸ್‌ಸ್ಟ್ಯಾಂಡಾ ಇದು?’ ಎಂಬ ಪ್ರಶ್ನೆ ಬಂತು. ‘ಕಕ್ಕಸು’ ಬರೆಯಲು ಕೈ ಬರಲಿಲ್ಲ. ‘ಟಾಯ್ಲೆಟ್’ ಎಂದೇ ಬಿಟ್ಟೆ. ಅಡುಗೆಮನೆಯಲ್ಲಿ ತಲೆಯ ಮೇಲೆ ಬರುವ ಹಲಗೆಗೆ ಅಮ್ಮ ‘ಅಟ್ಟ’ ಎನ್ನುತ್ತಾರೆ, ಮೇಸ್ತ್ರಿ ‘ಸಜ್ಜ’ ಎನ್ನುತ್ತಾರೆ. ಕಿಟಕಿಯ ಹೊರಗೆ ಮಳೆಗೆ ಚಾಚಿದ್ದೂ ಅವರಿಗೆ ಸಜ್ಜವೇ. ನಾನು ಒಳಗಿನದಕ್ಕೆ ಅಟ್ಟ, ಹೊರಗಿನದಕ್ಕೆ ಸಜ್ಜ ಎಂದು ಹಂಚಿದ್ದೇನೆ.

ಅಳತೆಯ ಮಾತಿಗೆ ಬಂದರೆ, ಅಜ್ಜ ‘ಐದಂಕಣದ ಮನೆ’ ಎನ್ನುತ್ತಿದ್ದರು, ಕಂಬದಿಂದ ಕಂಬಕ್ಕೆ ಒಂದು ಅಂಕಣ. ಈಗ ಅಂಕಣ ಪತ್ರಿಕೆಗಳಲ್ಲಿದೆ, ಕಂಟ್ರಾಕ್ಟರು ಕೇಳುವುದು ‘ಎಷ್ಟು ಚದರ?’ ಎಂದು. ಅವರ ಒಂದು ಚದರ 100 ಚದರ ಅಡಿ. ಅಮ್ಮನ ಪ್ರತಿಯಲ್ಲಿ ಬರೀ ಅಡಿ ಲೆಕ್ಕ ಕೊಟ್ಟಿದ್ದೇನೆ.

ಮುಖ್ಯವಾಗಿ ಕೇಳಬೇಕಾದದ್ದು ಆ ಗೋಡೆಯ ಹೆಸರು. ಮೇಸ್ತ್ರಿಗೆ ಅದು ‘ಕಾಮನ್ ಗೋಡೆ’. ಹಳೆಯ ಪತ್ರಗಳಲ್ಲಿ ‘ಸಾಮಾಯಿಕ ಬಾವಿ’, ‘ಸಾಮಾಯಿಕ ಗೋಡೆ’ ಎಂದು ಬರುತ್ತದೆ, ಅಂದರೆ ಇಬ್ಬರಿಗೂ ಸೇರಿದ್ದು. ನನಗೆ ಅದೇ ಹಿಡಿಸಿದೆ. ನನ್ನ ಭಾಗದ ಚೆಕ್ಕುಬಂದಿಯಲ್ಲಿ, ಅಂದರೆ ನಾಲ್ಕು ದಿಕ್ಕಿನ ಎಲ್ಲೆಯ ವಿವರದಲ್ಲಿ, ‘ದಕ್ಷಿಣಕ್ಕೆ: ಸಾಮಾಯಿಕ ಗೋಡೆ’ ಎಂದು ಬರೆಯಬೇಕೆಂದಿದ್ದೇನೆ. ಕರಾವಳಿಯವರು, ಉತ್ತರ ಕರ್ನಾಟಕದವರು ಇದಕ್ಕೆ ಬೇರೆ ಮಾತು ಬಳಸುತ್ತೀರಾ? ಪತ್ರಬರಹ ಬಲ್ಲವರಿಗೆ ಇನ್ನೊಂದು ಪ್ರಶ್ನೆ: ‘ಸಾಮಾಯಿಕ ಗೋಡೆ’ ಎಂದಷ್ಟೇ ಬರೆದರೆ ಗೋಡೆಯಡಿಯ ನೆಲವೂ ಅದರೊಳಗೆ ಬಂದಂತೆಯೋ, ಅದನ್ನು ಬೇರೆಯಾಗಿ ಹೇಳಬೇಕೋ?