ಪದಚರ್ಚೆ: ‘ಹೆಟ್ಸರ್’ ಅಂದರೆ ಅಟ್ಟುವವನೋ, ಮರಸು ಕೂತವನೋ?

ಎಲ್ಲರಿಗೂ ನಮಸ್ಕಾರ.

ಎರಡನೇ ಮಹಾಯುದ್ಧದ ಜರ್ಮನ್ ವಾಹನಗಳ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ಒಂದು ಪದದ ಹತ್ತಿರ ಬಂದು ನಾಲ್ಕು ದಿನದಿಂದ ನಿಂತುಬಿಟ್ಟಿದ್ದೇನೆ. ವಿಷಯ ಇಷ್ಟು: ಟ್ಯಾಂಕುಗಳನ್ನು ಹೊಡೆಯುವುದಕ್ಕೆಂದೇ ಮಾಡಿದ, ನೋಡಲು ಟ್ಯಾಂಕಿನ ಹಾಗೇ ಇರುವ, ಆದರೆ ತಲೆಯ ಮೇಲೆ ತಿರುಗುವ ಗೋಪುರ ಇಲ್ಲದ ವಾಹನ. ಇಂಗ್ಲಿಷಿನ ದಾರಿಯಲ್ಲಿ ಬಂದರೆ ಅದು ‘ಟ್ಯಾಂಕ್ ವಿಧ್ವಂಸಕ’ ಆಗುತ್ತದೆ. ಪತ್ರಿಕೆಗಳಲ್ಲಿ ‘ವಿಧ್ವಂಸಕ ನೌಕೆ’ ಅಂತ ಬರುತ್ತದಲ್ಲ, ಹಾಗೆ. ‘ಟ್ಯಾಂಕ್ ನಿರೋಧಕ’ ಈಗಾಗಲೇ ಕ್ಷಿಪಣಿಗೆ ಅಂಟಿಕೊಂಡಿದೆ. ಎರಡೂ ನನಗೆ ಒಗ್ಗುತ್ತಿಲ್ಲ. ಜರ್ಮನ್ನರು ಇಟ್ಟ ಹೆಸರಿನಲ್ಲಿ ಧ್ವಂಸದ ಮಾತೇ ಇಲ್ಲ, ಬೇಟೆ ಇದೆ.

‘ಯಾಗ್ಡ್’ ಅಂದರೆ ಬೇಟೆ. ‘ಪಾಂಟ್ಸರ್’ ಅಂದರೆ ಮೊದಲಿಗೆ ಮೈಗೆ ತೊಡುವ ಕವಚ. ಆಮೆಯ ಚಿಪ್ಪಿಗೂ ಅವರು ಇದೇ ಪದ ಹೇಳುತ್ತಾರೆ. ಟ್ಯಾಂಕಿಗೆ ಬಂದದ್ದು ಆಮೇಲೆ. (ಇದನ್ನು ‘ಪಂಜರ್’ ಅಂತ ಬರೆದರೆ ಓದುವವರಿಗೆ ಗಿಳಿಯ ಪಂಜರ ಕಣ್ಣಮುಂದೆ ಬರುತ್ತದೆ, ಆ ಕಾಗುಣಿತ ಬೇಡ.) ಬೇಟೆನಾಯಿಗೆ ಅವರ ಪದ ‘ಯಾಗ್ಡ್‌ಹುಂಡ್’. ಪದ ಕಟ್ಟುವ ರೀತಿಯಲ್ಲಿ ನಾವೂ ಅವರೂ ಒಂದೇ, ಅಲ್ವಾ? ಹಾಗಾದರೆ ‘ಯಾಗ್ಡ್‌ಪಾಂಟ್ಸರ್’ ಸುಮ್ನೆ ‘ಬೇಟೆಟ್ಯಾಂಕು’ ಆಗಬಹುದು. ಇದನ್ನೇ ತಿರುವಿ ಹಾಕಿದ ‘ಪಾಂಟ್ಸರ್‌ಯೇಗರ್’ ಅಂತ ಇನ್ನೊಂದಿದೆ. ಹುಲಿಬೇಟೆಗಾರ ಅಂದ ಹಾಗೆ ಅದು ‘ಟ್ಯಾಂಕ್ ಬೇಟೆಗಾರ’. ಮಾರ್ಡರ್‌ನಂಥ ಮೇಲೆ ಸೂರಿಲ್ಲದ ಹಳೆಯ ವಾಹನಗಳಿಗೆ ಸಾಮಾನ್ಯವಾಗಿ ಈ ಹೆಸರು, ಪೂರ್ತಿ ಮುಚ್ಚಿದವಕ್ಕೆ ಮೊದಲಿನದು. ಇಲ್ಲಿಯವರೆಗೆ ತೊಂದರೆ ಇಲ್ಲ.

ತೊಡಕು ಶುರುವಾಗುವುದು ‘ಹೆಟ್ಸರ್’ ಹತ್ತಿರ. ಕಾಗದಪತ್ರದಲ್ಲಿ ಅದು ಯಾಗ್ಡ್‌ಪಾಂಟ್ಸರ್ 38, ಹೆಟ್ಸರ್ ಅನ್ನೋದು ಕರೆಯುವ ಹೆಸರು. ‘ಹೆಟ್ಸೆನ್’ ಅಂದರೆ ನಾಯಿಗಳನ್ನು ಪ್ರಾಣಿಯ ಮೇಲೆ ಬಿಟ್ಟು, ಓಡಿಸಿ ಓಡಿಸಿ ಸುಸ್ತು ಮಾಡುವುದು. ಈಗಿನ ಜರ್ಮನ್ ಮಾತಿನಲ್ಲಿ ಹೆಟ್ಸರ್ ಅಂದರೆ ಜನರನ್ನು ಒಬ್ಬರ ಮೇಲೊಬ್ಬರನ್ನು ಎತ್ತಿಕಟ್ಟುವವನು. ಇದನ್ನು ಓದುತ್ತಿದ್ದ ಹಾಗೆ ನನಗೆ ಹೊಳೆದದ್ದು ನಮ್ಮ ‘ಛೂ ಬಿಡು’. ನಾಯಿಯನ್ನೂ ಛೂ ಬಿಡುತ್ತೇವೆ, ಮನುಷ್ಯರನ್ನೂ ಛೂ ಬಿಡುತ್ತೇವೆ. ಆ ಎರಡೂ ಅರ್ಥ ಕನ್ನಡದಲ್ಲೂ ಒಂದೇ ಮಾತಿನಲ್ಲಿ ಸಿಕ್ಕಿದ್ದಕ್ಕೆ ತುಂಬಾ ಖುಷಿಯಾಯಿತು.

ಆದರೆ ಆ ವಾಹನ ಯಾರನ್ನೂ ಅಟ್ಟುತ್ತಿರಲಿಲ್ಲ. ಅಟ್ಟುವ ಹಾಗೆ ಅದನ್ನು ಮಾಡಿಯೇ ಇರಲಿಲ್ಲ.

1943ರ ನವೆಂಬರಿನಲ್ಲಿ ಬರ್ಲಿನ್ನಿನ ಆಲ್ಕೆಟ್ ಕಾರ್ಖಾನೆಯ ಮೇಲೆ ಬಾಂಬು ಬಿದ್ದು ಸ್ಟುಗ್ 3 ಅನ್ನುವ, ಇದರಂತೆಯೇ ಗೋಪುರ ಇಲ್ಲದ ಜರ್ಮನ್ ವಾಹನಗಳ ತಯಾರಿ ಕುಸಿಯಿತು. ಅದನ್ನೇ ಪ್ರಾಗ್‌ನ ಬಿಎಂಎಂ ಕಾರ್ಖಾನೆಯಲ್ಲಿ ಮಾಡಿಸೋಣ ಅಂದರೆ, ಸುಮಾರು 24 ಟನ್ನಿನ ವಾಹನವನ್ನು ಎತ್ತಿಳಿಸುವ ಅನುಕೂಲ ಅಲ್ಲಿರಲಿಲ್ಲ. ಹಾಗಾಗಿ ಜೆಕ್‌ನವರ 38ಟಿ ಟ್ಯಾಂಕಿನ ಚಾಸಿಯನ್ನು ಅಗಲ ಮಾಡಿ, 16 ಟನ್ನಿನ ಒಳಗೇ ಇದನ್ನು ಕಟ್ಟಿದರು. 1944ರ ಏಪ್ರಿಲಿನಿಂದ ಯುದ್ಧ ಮುಗಿಯುವವರೆಗೆ, ಸ್ಕೋಡಾದವರು ಮಾಡಿದ್ದೂ ಸೇರಿ, 2,800ರಷ್ಟು ಹೊರಬಂದವು.

ಎತ್ತರ ಎರಡು ಮೀಟರಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಪೊದೆಯ ಹಿಂದೆ ಸುಲಭವಾಗಿ ಅಡಗುತ್ತದೆ. ಮುಂದಿನ ಉಕ್ಕಿನ ಹಲಗೆ 60 ಮಿ.ಮೀ. ದಪ್ಪ, ಆದರೆ ನೆಟ್ಟಗೆ ನಿಂತಿಲ್ಲ, 60 ಡಿಗ್ರಿ ಹಿಂದಕ್ಕೆ ಒರಗಿದೆ. ಸೌತೆಕಾಯಿಯನ್ನು ಓರೆಯಾಗಿ ಹೆಚ್ಚಿದರೆ ಹೋಳು ಉದ್ದವಾಗುತ್ತದಲ್ಲ, ಹಾಗೆಯೇ ಎದುರಿನಿಂದ ನೇರ ಬರುವ ಗುಂಡು ಅಲ್ಲಿ 120 ಮಿ.ಮೀ. ಉಕ್ಕನ್ನು ಕೊರೆಯಬೇಕು. ಪಕ್ಕೆಯಲ್ಲಿ ಮಾತ್ರ ಬರೀ 20 ಮಿ.ಮೀ. 75 ಮಿ.ಮೀ. ಫಿರಂಗಿ ನಟ್ಟನಡುವೆ ಇಲ್ಲ, ಬಲಕ್ಕೆ ಸರಿದಿದೆ. ಅದು ಎಡಕ್ಕೆ 5 ಡಿಗ್ರಿ, ಬಲಕ್ಕೆ 11 ಡಿಗ್ರಿ ಹೊರಳುತ್ತದೆ, ಅದರಾಚೆ ಗುರಿ ಇದ್ದರೆ ಇಡೀ ವಾಹನವೇ ತಿರುಗಬೇಕು, ತಿರುಗಿತೋ ಆ ತೆಳು ಪಕ್ಕೆ ಇನ್ಯಾರ ಕಣ್ಣಿಗೋ ಬೀಳುತ್ತದೆ.

ಒಳಗಂತೂ ಉಸಿರುಗಟ್ಟುವಷ್ಟು ಇಕ್ಕಟ್ಟು. ಚಾಲಕ, ಗುರಿ ಇಡುವವನು, ಗುಂಡು ತುಂಬುವವನು ಮೂವರೂ ಎಡಗಡೆ ಒಬ್ಬರ ಹಿಂದೊಬ್ಬರು. ನಾಯಕ ಬಲಗಡೆ ಹಿಂದೆ ಒಬ್ಬನೇ. ಆ ಫಿರಂಗಿಗೆ ಬಲಗಡೆಯಿಂದ ಗುಂಡು ತುಂಬಬೇಕು, ತುಂಬುವವನು ಕೂತಿರುವುದು ಎಡಕ್ಕೆ. ಅವನು ಫಿರಂಗಿಯ ಮೇಲಿಂದ ಬಾಗಿ, ಕೈ ಚಾಚಿ, ಆ ತೂಕದ ಗುಂಡನ್ನು ದೂಡಬೇಕಿತ್ತು. ಬಲಗಡೆ ಏನು ನಡೆಯುತ್ತಿದೆ ಅಂತ ಒಳಗಿನವರಿಗೆ ಸರಿಯಾಗಿ ಕಾಣುತ್ತಲೂ ಇರಲಿಲ್ಲ. ಇಂಥದ್ದನ್ನು ಬಯಲಿನಲ್ಲಿ ನುಗ್ಗಿಸಿದರೆ ಉಳಿಯುವುದಿಲ್ಲ. ಮೊದಲೇ ಜಾಗ ನೋಡಿ, ಮೂತಿಯನ್ನು ದಾರಿಯ ಕಡೆ ಇಟ್ಟು, ಸದ್ದಿಲ್ಲದೆ ಕಾಯಬೇಕು. ಟ್ಯಾಂಕು ಬಂದಾಗ ಒಂದೆರಡು ಗುಂಡು ಹೊಡೆದು ಇನ್ನೊಂದು ಮರೆಗೆ ಸರಿಯಬೇಕು. ಕಾಲಾಳು ಪಡೆಗಳಿಗೆ ಇದನ್ನು ಕೊಟ್ಟದ್ದೂ ಈ ಕೆಲಸಕ್ಕೇ.

ಮಲೆನಾಡಿನ ಬೇಟೆಯ ಮಾತಿನಲ್ಲಿ ಇದಕ್ಕೆ ಪದ ಇದೆ: ಮರಸು. ಹಳು ನುಗ್ಗಿ ಗದ್ದಲ ಎಬ್ಬಿಸಿ ಪ್ರಾಣಿಯನ್ನು ಹೊರಡಿಸುವುದು ಒಂದು ಬಗೆ, ಮರೆಯಲ್ಲಿ ಉಸಿರು ಬಿಗಿಹಿಡಿದು ‘ಮರಸು ಕೂರುವುದು’ ಇನ್ನೊಂದು ಬಗೆ. ಜರ್ಮನ್‌ನಲ್ಲೂ ಈ ಭೇದ ಇದೆ, ಅಟ್ಟಿ ಆಡುವ ಬೇಟೆ ‘ಹೆಟ್ಸ್‌ಯಾಗ್ಡ್’, ಕೂತು ಕಾಯುವ ಬೇಟೆ ‘ಆನ್ಸಿಟ್ಸ್‌ಯಾಗ್ಡ್’. ಈ ವಾಹನದ ಹೆಸರು ಮೊದಲನೆಯದರಿಂದ ಬಂದಿದೆ, ಕೆಲಸ ಎರಡನೆಯದು. ಯುದ್ಧದ ನಂತರ ಸ್ವಿಸ್ ಸೇನೆ ಜೆಕೊಸ್ಲೊವಾಕಿಯಾದಿಂದ ಇಂಥವು 158 ಕೊಂಡಿತು. ಅಲ್ಲಿ ಇದರ ಹೆಸರು ಬರೀ ಜಿ-13, ಬೇಟೆಯ ಸುಳಿವೇ ಇಲ್ಲ.

ಈಗ ನನ್ನ ಪ್ರಶ್ನೆಗೆ ಬರುತ್ತೇನೆ. ‘ಬೇಟೆಟ್ಯಾಂಕು’ ನಿಮ್ಮ ಕಿವಿಗೆ ಹೇಗೆ ಕೇಳುತ್ತದೆ? ಹೆಟ್ಸರ್ ಅನ್ನುವ ಹೆಸರನ್ನು ಹಾಗೇ ಇಟ್ಟು, ‘ಛೂ ಬಿಡುವವನು’ ಅಂತ ಒಮ್ಮೆ ಅರ್ಥ ಹೇಳಿ, ಅದರ ಕೆಲಸ ವಿವರಿಸುವಾಗ ‘ಮರಸು’ ಅಂತ ಬಳಸಬೇಕು ಅಂತಿದ್ದೇನೆ. ಬಯಲುಸೀಮೆಯ ಓದುಗರಿಗೆ ಅದು ತಿಳಿಯುತ್ತದಾ? ‘ಹೊಂಚು’ ಎಲ್ಲರಿಗೂ ಗೊತ್ತು, ಆದರೆ ಕಳ್ಳನೂ ಹೊಂಚು ಹಾಕುತ್ತಾನೆ, ಆ ಪದದಲ್ಲಿ ಕೇಡಿನ ವಾಸನೆ ಜಾಸ್ತಿ. ಮರಸಿನಲ್ಲಿ ಗಂಟೆಗಟ್ಟಲೆ ಅಲ್ಲಾಡದೆ ಕಾಯುವ ತಾಳ್ಮೆ ಇದೆ, ನನಗೆ ಬೇಕಿರುವುದು ಅದು. ಬಳ್ಳಾರಿ, ಕಲಬುರಗಿ ಕಡೆಯಲ್ಲಿ, ಕರಾವಳಿಯಲ್ಲಿ ಹೀಗೆ ಕೂತು ಕಾಯುವ ಬೇಟೆಗೆ ಏನನ್ನುತ್ತಾರೆ? ಮನೆಯ ಹಿರಿಯರ ಬಾಯಲ್ಲಿ ಕೇಳಿದ್ದರೆ ಅವರು ಹೇಳಿದ ಹಾಗೇ ಬರೆದು ತಿಳಿಸಿ.