ಸಿಎಂಡಿ ವಿಂಡೋಗೆ ಹಾಕಿದ ಹುಕ್‌ಗೆ ಒಂದು ಮೆಸೇಜೂ ಬರುತ್ತಿಲ್ಲ

ಪಕ್ಕದ_ಪ್ಯಾನೆಲ್:
ಸಿ++, ವಿಂಡೋಸ್ 10 ಮತ್ತು 11. ಸಿಎಂಡಿ (ಕಮಾಂಡ್ ಪ್ರಾಂಪ್ಟ್) ವಿಂಡೋ ಎಲ್ಲಿಗೆ ಸರಿದರೂ ಅದರ ಬಲಕ್ಕೆ ಅಂಟಿಕೊಂಡೇ ಇರುವ ಸಣ್ಣ ಪ್ಯಾನೆಲ್ ಒಂದು ಬೇಕು. ಒಳಗೆ ಹೊಸ ಸಾಲು ಬಿದ್ದರೆ ಅದೂ ಗೊತ್ತಾಗಬೇಕು. ಗೆಟ್‌ವಿಂಡೋಥ್ರೆಡ್‌ಪ್ರಾಸೆಸ್‌ಐಡಿ ಕೊಟ್ಟ ಥ್ರೆಡ್‌ಗೆ ಸೆಟ್‌ವಿಂಡೋಸ್‌ಹುಕ್‌ಎಕ್ಸ್‌ನಿಂದ ಹುಕ್ (ಮೆಸೇಜ್‌ಗಳನ್ನು ನಡುವೆ ಹಿಡಿಯುವ ಕೊಕ್ಕೆ) ಹಾಕುವ ಕೋಡ್ ನೋಟ್‌ಪ್ಯಾಡ್ ಮೇಲೆ ಸರಿಯಾಗಿ ಓಡುತ್ತದೆ, ಸಿಎಂಡಿ ಮೇಲೆ ಕಾಲ್‌ಬ್ಯಾಕ್ (ಮೆಸೇಜ್ ಬಂದಾಗ ಓಡಬೇಕಾದ ನನ್ನ ಫಂಕ್ಷನ್) ಏಳುವುದೇ ಇಲ್ಲ. ಸೆಟ್‌ವಿಂಡೋಲಾಂಗ್‌ಪಿಟಿಆರ್‌ನಿಂದ ಸಬ್‌ಕ್ಲಾಸ್ ಮಾಡಹೋದರೆ (ಮೆಸೇಜ್ ನಿಭಾಯಿಸುವ ಅದರ ವಿಂಡೋ ಪ್ರೊಸೀಜರನ್ನೇ ಬದಲಿಸಹೋದರೆ) ಎರರ್ 5 (ಅನುಮತಿ ಇಲ್ಲ). ಅಡ್ಮಿನ್ ಆಗಿ ಓಡಿಸಿದರೂ ಅಷ್ಟೇ. ಡಿಎಲ್ಎಲ್ 64 ಬಿಟ್‌ನದೇ.

ಹ್ಯಾಂಡಲ್_ಹಿಡಿ:
ಗೆಟ್‌ವಿಂಡೋಥ್ರೆಡ್‌ಪ್ರಾಸೆಸ್‌ಐಡಿ ಕೊಡುವ ಐಡಿಯೇ ಇಲ್ಲಿ ದಾರಿ ತಪ್ಪಿಸುವುದು. ಸಿಎಂಡಿ ಯಾವ ವಿಂಡೋವನ್ನೂ ಸೃಷ್ಟಿಸುವುದಿಲ್ಲ, ಮೆಸೇಜ್ ಲೂಪನ್ನೂ ಓಡಿಸುವುದಿಲ್ಲ. ವಿಂಡೋ ಇರುವುದು ಕನ್ಸೋಲ್ ವಿಂಡೋಗಳನ್ನು ನಡೆಸುವ ಕಾನ್‌ಹೋಸ್ಟ್ ಎಂಬ ಬೇರೆ ಪ್ರಾಸೆಸ್‌ನಲ್ಲಿ (ವಿಸ್ಟಾವರೆಗೆ ಸಿಎಸ್‌ಆರ್‌ಎಸ್‌ಎಸ್ ಎಂಬ ಸಿಸ್ಟಂ ಪ್ರಾಸೆಸ್‌ನಲ್ಲಿತ್ತು, ವಿಂಡೋಸ್ 7ರಲ್ಲಿ ಹೊರಬಂತು). ಆದರೆ ಹಳೆಯ ಪ್ರೋಗ್ರಾಂಗಳು ಮುರಿಯಬಾರದೆಂದು ಕಾನ್‌ಹೋಸ್ಟ್ ತನ್ನ ವಿಂಡೋದ ಒಡೆಯ ಸಿಎಂಡಿಯೇ ಎಂದು ಸಿಸ್ಟಂಗೆ ಬರೆಸಿಡುತ್ತದೆ. ಹಾಗಾಗಿ ನೀವು ಹುಕ್ ಹಾಕಿದ್ದು ಮೆಸೇಜೇ ಬಾರದ ಥ್ರೆಡ್‌ಗೆ. ಎರರ್ 5 ಬರಲೇಬೇಕು: ಬೇರೆ ಪ್ರಾಸೆಸ್‌ನ ವಿಂಡೋ ಪ್ರೊಸೀಜರನ್ನು ಬದಲಿಸಲು ಅಡ್ಮಿನ್‌ಗೂ ಆಗದು.

ಕಾನ್‌ಹೋಸ್ಟ್ ಒಳಗೆ ಡಿಎಲ್ಎಲ್ ತೂರಿಸುವ ಯೋಚನೆ ಬಿಡಿ. ವಿಂಡೋ ಬದಲಾದಾಗ ಇವೆಂಟ್ ಕಳಿಸುವ ಸೆಟ್‌ವಿನ್‌ಇವೆಂಟ್‌ಹುಕ್ ಸಾಕು, ಔಟ್‌ಆಫ್‌ಕಾಂಟೆಕ್ಸ್ಟ್ ಫ್ಲ್ಯಾಗ್ ಕೊಟ್ಟರೆ ಡಿಎಲ್ಎಲ್ಲೇ ಬೇಡ. ಪ್ರಾಸೆಸ್, ಥ್ರೆಡ್ ಐಡಿ ಎರಡಕ್ಕೂ 0 ಕೊಟ್ಟು, ಕಾಲ್‌ಬ್ಯಾಕ್ ಒಳಗೆ ವಿಂಡೋ ಹ್ಯಾಂಡಲ್ ಹೋಲಿಸಿ. ಸಿಎಂಡಿಯ ಐಡಿ ಕೊಟ್ಟು ಸೋಸಹೋದರೆ ಮತ್ತೆ ಅದೇ ಹಳ್ಳಕ್ಕೆ ಬೀಳುತ್ತೀರಿ. ಹುಕ್ ಹಾಕಿದ ಥ್ರೆಡ್‌ನಲ್ಲಿ ಗೆಟ್‌ಮೆಸೇಜ್ ಲೂಪ್ ತಿರುಗುತ್ತಿರಬೇಕು.

ಸರಿದಾಟಕ್ಕೆ ಲೊಕೇಶನ್‌ಚೇಂಜ್ (ಹೆಕ್ಸ್ 800ಬಿ). ಇದು ಕ್ಯಾರೆಟ್‌ಗೂ (ಬರಹದಲ್ಲಿ ಮಿನುಗುವ ಗೆರೆ) ಮೌಸ್ ಕರ್ಸರ್‌ಗೂ ಬರುತ್ತದೆ, ಆದ್ದರಿಂದ ಕಾಲ್‌ಬ್ಯಾಕ್‌ಗೆ ಬರುವ ಐಡಿಆಬ್ಜೆಕ್ಟ್ 0 (ಅಂದರೆ ವಿಂಡೋವೇ) ಇದ್ದರೆ ಮಾತ್ರ ತೆಗೆದುಕೊಳ್ಳಿ. ಬರಹಕ್ಕೆ ಕನ್ಸೋಲ್ ಇವೆಂಟ್‌ಗಳು: ಹೆಕ್ಸ್ 4002 ಒಂದು ಪ್ರದೇಶ ಬದಲಾದಾಗ, 4003 ಒಂದೇ ಅಕ್ಷರಕ್ಕೆ, 4004 ಸ್ಕ್ರೋಲ್‌ಗೆ. ಆ 0 ಫಿಲ್ಟರನ್ನು ಇವಕ್ಕೂ ಹಾಕಿಬಿಟ್ಟರೆ ಕೆಟ್ಟಿತು. 4002ರಲ್ಲಿ ಐಡಿಆಬ್ಜೆಕ್ಟ್ ಎಂದರೆ ಪ್ರದೇಶ ಶುರುವಾಗುವ ಸಾಲು-ಕಾಲಂ, ಐಡಿಚೈಲ್ಡ್ ಎಂದರೆ ಮುಗಿಯುವ ಜಾಗ. ಫಿಲ್ಟರ್ ಇದ್ದರೆ ಹೆಚ್ಚುಕಡಿಮೆ ಎಲ್ಲವೂ ಸದ್ದಿಲ್ಲದೆ ಉದುರಿಹೋಗುತ್ತವೆ.

ಕೀಲಿಮಣೆ_32:
ಕೀ ಒತ್ತಿದ್ದೂ ಬೇಕಾದರೆ ಡಬ್ಲ್ಯುಎಚ್_ಕೀಬೋರ್ಡ್_ಎಲ್ಎಲ್ ಎಂಬ ಕೀಬೋರ್ಡ್ ಹುಕ್ ಹಾಕಿ. ಅದು ನಿಮ್ಮ ಥ್ರೆಡ್‌ನಲ್ಲೇ ಓಡುವುದರಿಂದ ಕನ್ಸೋಲ್ ಎಂಬ ಭೇದವಿಲ್ಲ. ಆದರೆ ಕಾಲ್‌ಬ್ಯಾಕ್ ತಡಮಾಡಿದರೆ ವಿಂಡೋಸ್ 7ರಿಂದೀಚೆಗೆ ಸಿಸ್ಟಂ ಹುಕ್ಕನ್ನು ಹೇಳದೆ ಕೇಳದೆ ಕಿತ್ತುಹಾಕಬಹುದು. ಮುಂದಿರುವ ವಿಂಡೋ ಅಡ್ಮಿನ್‌ನದಾಗಿ ನಿಮ್ಮದು ಸಾಮಾನ್ಯದ್ದಾದರೆ ಕೀಗಳು ತಲುಪುವುದಿಲ್ಲ.

ಪಕ್ಕದ_ಪ್ಯಾನೆಲ್:
10ರಲ್ಲಿ ಕೆಲಸ ಆಯಿತು. ಬರಹ ಓದಲು ಅಟ್ಯಾಚ್‌ಕನ್ಸೋಲ್‌ನಿಂದ ಪ್ಯಾನೆಲ್ಲನ್ನು ಸಿಎಂಡಿಯ ಕನ್ಸೋಲ್‌ಗೇ ಅಂಟಿಸುತ್ತಿದ್ದೇನೆ, ಸಿಎಂಡಿ ಮುಚ್ಚಿದರೆ ಪ್ಯಾನೆಲ್ಲೂ ಸಾಯುತ್ತದೆ. 11ರಲ್ಲಿ ಗೆಟ್‌ಕನ್ಸೋಲ್‌ವಿಂಡೋ ಕೊಟ್ಟ ಹ್ಯಾಂಡಲ್‌ಗೆ ಸರಿದಾಟದ ಇವೆಂಟೇ ಇಲ್ಲ.

ಹ್ಯಾಂಡಲ್_ಹಿಡಿ:
ಕನ್ಸೋಲ್‌ಗೆ ಅಂಟಿದ ಪ್ರಾಸೆಸ್‌ಗಳಿಗೆಲ್ಲ ಕ್ಲೋಸ್ ಇವೆಂಟ್ ಹೋಗುತ್ತದೆ. ಹ್ಯಾಂಡ್ಲರ್ ಟ್ರೂ ಎಂದು ಹಿಂದಿರುಗಿಸಿದರೂ ಉಳಿಗಾಲವಿಲ್ಲ. ಓದುವ ಕೆಲಸವನ್ನು ಪುಟ್ಟ ಸಹಾಯಕ ಎಕ್ಸ್‌ಇಗೆ ಒಪ್ಪಿಸಿ, ಅದು ಸತ್ತರೆ ಸಾಯಲಿ.

11ರ ಸಂಗತಿ ಬೇರೆ. 22ಎಚ್2ರಿಂದ ಡೀಫಾಲ್ಟ್ ಆಗಿರುವುದು ವಿಂಡೋಸ್ ಟರ್ಮಿನಲ್. ನಿಮ್ಮ ಕೈಗೆ ಸಿಕ್ಕಿದ್ದು ಕಣ್ಣಿಗೆ ಕಾಣದ ಸೂಡೋಕನ್ಸೋಲ್‌ವಿಂಡೋ. ಗೆಟ್‌ಕ್ಲಾಸ್‌ನೇಮ್ ಕರೆದು ನೋಡಿ: ಹಳೆಯದಾದರೆ ಕನ್ಸೋಲ್‌ವಿಂಡೋಕ್ಲಾಸ್ ಎಂದೇ ಬರುತ್ತದೆ. ಟರ್ಮಿನಲ್‌ನಲ್ಲಿ ಒಂದೇ ವಿಂಡೋದಲ್ಲಿ ಹಲವು ಟ್ಯಾಬ್ ಇರುವುದರಿಂದ ಒಂದು ಸಿಎಂಡಿಗೆ ಒಂದು ವಿಂಡೋ ಎಂಬ ಲೆಕ್ಕವೇ ನಿಲ್ಲುವುದಿಲ್ಲ. ಪರೀಕ್ಷೆಗೆ ಕಾನ್‌ಹೋಸ್ಟ್.ಎಕ್ಸ್‌ಇ ಎಂದು ಬರೆದು ಅದರ ನಂತರ ಸಿಎಂಡಿ.ಎಕ್ಸ್‌ಇ ಬರೆದು ಓಡಿಸಿ, ಹಳೆಯ ವಿಂಡೋ ತೆರೆಯುತ್ತದೆ.

ಪೈಪ್‌ಲೈನ್:
ಸಿಎಂಡಿಯನ್ನು ನೀವೇ ಶುರುಮಾಡುವುದಾದರೆ ಈ ಹುಕ್ ಸರ್ಕಸ್ಸೇ ಯಾಕೆ? ಕಾಣುವ ವಿಂಡೋ ಇಲ್ಲದ ಕನ್ಸೋಲ್ ಕೊಡುವ ಕ್ರಿಯೇಟ್‌ಸೂಡೋಕನ್ಸೋಲ್ ಇದೆ, ವಿಂಡೋಸ್ 10ರ 1809ರಿಂದ. ಔಟ್‌ಪುಟ್ಟೆಲ್ಲ ಎಸ್ಕೇಪ್ ಕೋಡ್ ಸಮೇತ ಯುಟಿಎಫ್-8ರಲ್ಲಿ ನಿಮ್ಮ ಪೈಪ್‌ಗೇ ಬರುತ್ತದೆ. ಓದಲು ಒಂದು ಥ್ರೆಡ್, ಬರೆಯಲು ಇನ್ನೊಂದು ಇಡಿ, ಎರಡೂ ಒಂದರಲ್ಲೇ ಇದ್ದರೆ ಬಫರ್ ತುಂಬಿ ಡೆಡ್‌ಲಾಕ್ (ಒಂದನ್ನೊಂದು ಕಾಯುತ್ತ ನಿಂತುಬಿಡುವುದು) ಆಗಬಹುದು. ಕ್ಲೋಸ್‌ಸೂಡೋಕನ್ಸೋಲ್ ಕರೆದಾಗಲೂ ಓದುವ ಥ್ರೆಡ್ ಪೈಪ್ ಬರಿದಾಗುವ ತನಕ ಓದುತ್ತಲೇ ಇರಲಿ, ಇಲ್ಲವಾದರೆ ಆ ಕರೆ ಅಲ್ಲೇ ಸಿಕ್ಕಿಕೊಳ್ಳಬಹುದು.