‘ಫೀಲ್ಡ್ ಡ್ರೆಸಿಂಗ್’ಗೆ ‘ಹಸಿಗೆ’ ಅನ್ನಬಹುದಾ?

ಎಲ್ಲರಿಗೂ ನಮಸ್ಕಾರ.

ಅಮೆರಿಕದ ಕೊಲೊರಾಡೋದಲ್ಲಿ ನಡೆಯುವ ಎಲ್ಕ್ ಬೇಟೆಯ ಬಗ್ಗೆ ಕನ್ನಡದಲ್ಲಿ ಒಂದು ಲೇಖನ ಬರೆಯುತ್ತಿದ್ದೇನೆ. ಎಲ್ಕ್ ಅಂದರೆ ನಮ್ಮ ಕಡವೆಯ ಬಳಗದ ದೊಡ್ಡ ಜಿಂಕೆ. ಈಡು, ಹೆಜ್ಜೆ ಗುರುತು, ಹೊಂಚು ಹಾಕುವುದು, ಇದಕ್ಕೆಲ್ಲ ಪದಗಳು ಸಲೀಸಾಗಿ ಸಿಕ್ಕವು. ಪ್ರಾಣಿ ಬಿದ್ದ ಮೇಲೆ ಮಾಡುವ ಮೊದಲ ಕೆಲಸಕ್ಕೆ ಮಾತ್ರ ಸರಿಯಾದ ಪದ ಸಿಗುತ್ತಿಲ್ಲ. ಅಲ್ಲಿನವರು ಅದನ್ನು ‘ಫೀಲ್ಡ್ ಡ್ರೆಸಿಂಗ್’ ಅಂತಾರೆ.

ಬಿದ್ದ ಜಾಗದಲ್ಲೇ ಹೊಟ್ಟೆ ಬಿಚ್ಚಿ, ಒಳಗಿನದನ್ನೆಲ್ಲ ತೆಗೆದು, ಮೈಯ ಕಾವು ಬೇಗ ಇಳಿಯುವ ಹಾಗೆ ಮಾಡುವುದು, ಇಷ್ಟೇ ಅದರ ಅರ್ಥ. ಚರ್ಮ ಸುಲಿಯುವುದು, ತುಂಡು ಮಾಡುವುದು ಆಮೇಲಿನ ಮಾತು.

ನನಗೆ ಮೊದಲು ಹೊಳೆದದ್ದು ಮಲೆನಾಡಿನ ‘ಹಸಿಗೆ ಮಾಡು’. ಎಷ್ಟು ಒಳ್ಳೆಯ ಪದ, ಅಲ್ವಾ? ಆದರೆ ಅದರಲ್ಲಿ ಕೊಯ್ದು ಪಾಲು ಹಾಕುವ ಅರ್ಥವೇ ಜಾಸ್ತಿ. ಹಳಗನ್ನಡದ ‘ಪಸುಗೆ’ ಅಂದರೆ ಹಂಚಿಕೆ. ಹಸಿಗೆ ಅದರಿಂದಲೇ ಬಂದಿರಬೇಕು ಅಂತ ನನ್ನ ಅನಿಸಿಕೆ. ‘ಹಸನು ಮಾಡು’ ಅಂದರೆ ಅಕ್ಕಿ, ಜೋಳ ಹಸನು ಮಾಡುವುದು ನೆನಪಿಗೆ ಬರುತ್ತದೆ. ‘ಕರುಳು ತೆಗೆ’ ಅಂದರೆ ಅರ್ಥ ನೇರವಾಗಿದೆ. ಆದರೆ ತೆಗೆಯಬೇಕಾದದ್ದು ಕರುಳು ಒಂದನ್ನೇ ಅಲ್ಲ. ಗುಂಡಿಗೆ, ಈಲಿ, ಶ್ವಾಸಕೋಶ, ಗಂಟಲ ನಾಳ ಎಲ್ಲವೂ ಹೊರಗೆ ಬರಬೇಕು.

ಇಷ್ಟು ತಲೆ ಕೆಡಿಸಿಕೊಳ್ಳಲು ಕಾರಣ ಇದೆ. ‘ಹಸಿಗೆ’ ಅಂತ ಓದಿದವರು, ಕ್ಯಾಂಪಿಗೆ ಒಯ್ದು ನಿಧಾನವಾಗಿ ಮಾಡಬಹುದು ಅಂದುಕೊಂಡರೆ ಕಷ್ಟ. ಗಂಡು ಎಲ್ಕ್ 300 ಕಿಲೋ ದಾಟುತ್ತದೆ. ಮೈತುಂಬ ದಪ್ಪ ಕೂದಲು. ಹೊರಗೆ ಹಿಮ ಬೀಳುತ್ತಿದ್ದರೂ ತೊಡೆಯ ಮೂಳೆಯ ಸುತ್ತ ಕಾವು ಗಂಟೆಗಟ್ಟಲೆ ಉಳಿಯುತ್ತದೆ. ಅಲ್ಲಿಂದಲೇ ಮಾಂಸ ಹಳಸಲು ಶುರುವಾಗುತ್ತದೆ. ಮೇಲೆ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಒಂದು ಪ್ರಾಣಿಯನ್ನು ಕೊಂದು ಅದರ ಮಾಂಸವನ್ನು ಹೀಗೆ ಹಾಳುಮಾಡುವುದು ನನ್ನ ಮಟ್ಟಿಗೆ ದೊಡ್ಡ ತಪ್ಪು. ಆದ್ದರಿಂದ ಪದದಲ್ಲೇ ‘ಈಗಲೇ, ಇಲ್ಲೇ’ ಅನ್ನುವ ಭಾವ ಇರಬೇಕು.

ಕ್ರಿಯಾಪದಗಳ ವಿಷಯದಲ್ಲೂ ಇದೇ ಪೇಚು. ಒಂದು ಕರಡಿನಲ್ಲಿ ‘ಹೊಟ್ಟೆ ಸೀಳಿ’ ಅಂತ ಇತ್ತು, ಅದನ್ನು ತೆಗೆದು ಹಾಕಿದೆ. ಸೀಳು ಅಂದರೆ ಚಾಕು ಆಳಕ್ಕೆ ಹೋಗುತ್ತದೆ. ಮೆಲುಕು ಹೊಟ್ಟೆಯೋ ಕರುಳೋ ತೂತಾಗಿ ಒಳಗಿನ ಹೊಲಸು ಮಾಂಸಕ್ಕೆ ಮೆತ್ತುತ್ತದೆ. ಹೊಸಬರು ಹೆಚ್ಚಾಗಿ ಎಡವುವುದು ಇಲ್ಲೇ. ಸಣ್ಣ, ಹರಿತವಾದ ಚಾಕು ಸಾಕು. ಮೊದಲು ಚಿಕ್ಕ ಗಾಯ ಮಾಡಬೇಕು. ಎರಡು ಬೆರಳು ಒಳಗೆ ಹಾಕಿ ಚರ್ಮವನ್ನು ಮೇಲಕ್ಕೆತ್ತಿ, ಚಾಕುವಿನ ಬಾಯಿ ಮೇಲ್ಮುಖವಾಗಿಟ್ಟು ಒಳಗಿನಿಂದ ಹೊರಕ್ಕೆ ಕೊಯ್ಯುತ್ತಾ ಹೋಗಬೇಕು. ಹಾಗೆ ಕೊಯ್ದರೆ ಕೂದಲೂ ತುಂಡಾಗಿ ಮಾಂಸಕ್ಕೆ ಅಂಟುವುದು ಕಡಿಮೆ. ಇದಕ್ಕೆ ‘ಬಿಚ್ಚು’, ‘ಬಿಡಿಸು’ ಒಪ್ಪುತ್ತವೆ ಅನಿಸುತ್ತದೆ. ಗುದದ ಸುತ್ತ ಬಿಡಿಸಿ ದಾರ ಕಟ್ಟುವುದು, ಎದೆ ಮತ್ತು ಹೊಟ್ಟೆಯ ನಡುವಿನ ಪರದೆಯನ್ನು ಪಕ್ಕೆಲುಬಿನ ಅಂಚಿನಲ್ಲಿ ಬಿಡಿಸುವುದು, ಗಂಟಲ ನಾಳವನ್ನು ಆದಷ್ಟು ಮೇಲಕ್ಕೆ ಕೊಯ್ದು ಎಲ್ಲವನ್ನೂ ಒಟ್ಟಿಗೆ ಎಳೆಯುವುದು. ಪರದೆಗೆ ಪುಸ್ತಕದಲ್ಲಿ ‘ವಪೆ’ ಅಂತಿದೆ. ಮಟನ್ ಅಂಗಡಿಯವರು ಏನನ್ನುತ್ತಾರೆ? ಮೂತ್ರಕೋಶಕ್ಕೆ ‘ಉಚ್ಚೆ ಚೀಲ’ ಅಂತಲೇ ಬರೆದಿದ್ದೇನೆ. ಅದು ಒಡೆದರೆ ಏನಾಗುತ್ತದೆ ಅಂತ ಓದುಗರಿಗೆ ಬೇರೆ ಹೇಳಬೇಕಿಲ್ಲ.

ಕುರಿ ಕೊಯ್ಯುವುದನ್ನು ನೋಡಿದವರು ‘ಪಿತ್ತ ಒಡೆಯದ ಹಾಗೆ ಅಂತ ಯಾಕೆ ಬರೆದಿಲ್ಲ?’ ಅಂತ ಕೇಳಿಯೇ ಕೇಳುತ್ತಾರೆ. ಎಲ್ಕ್ ಸೇರಿದಂತೆ ಜಿಂಕೆ ಜಾತಿಯ ಪ್ರಾಣಿಗಳಿಗೆ ಪಿತ್ತಕೋಶವೇ ಇಲ್ಲ. ಕುರಿಗಿದೆ, ಹಂದಿಗಿದೆ, ಕರಡಿಗಿದೆ. ನಮ್ಮ ಕಡೆಯ ಮಾತನ್ನು ಸುಮ್ನೆ ಎತ್ತಿ ಅಲ್ಲಿಗೆ ಇಟ್ಟರೆ ಇಲ್ಲದ ಅಂಗಕ್ಕೆ ಎಚ್ಚರಿಕೆ ಕೊಟ್ಟ ಹಾಗಾಗುತ್ತದೆ.

‘ತೊಳೆ’ ಅನ್ನುವ ಪದವನ್ನೂ ನೋಡಿಕೊಂಡು ಬಳಸಬೇಕು. ಕ್ಲೀನ್ ಮಾಡು ಅಂದರೆ ನಮಗೆ ನೀರು ಹುಯ್ಯುವುದೇ ನೆನಪಾಗುತ್ತದೆ. ಅಲ್ಲಿ ಹೊಳೆ ನೀರು ಮೊಗೆದು ಸುರಿಯುವುದನ್ನು ತಪ್ಪು ಅಂತಲೇ ಹೇಳಿಕೊಡುತ್ತಾರೆ. ತೇವ ಇದ್ದರೆ ಮಾಂಸ ಬೇಗ ಕೆಡುತ್ತದೆ. ಹೊಲಸು ತಾಗಿದ ಭಾಗವನ್ನು ಕೊಯ್ದು ಬಿಸಾಡಿ, ಉಳಿದದ್ದನ್ನು ಒಣ ಬಟ್ಟೆಯಲ್ಲಿ ಒರೆಸಿ, ಗಾಳಿಯಾಡುವ ಬಟ್ಟೆ ಚೀಲದಲ್ಲಿ ನೆರಳಿಗೆ ತೂಗು ಹಾಕುವುದು ಸರಿಯಾದ ಕ್ರಮ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದರೆ ಕಾವು ಒಳಗೇ ಉಳಿಯುತ್ತದೆ.

ಇನ್ನೊಂದು ತೊಡಕು ‘ಕ್ರಾನಿಕ್ ವೇಸ್ಟಿಂಗ್ ಡಿಸೀಸ್’. 1967ರಲ್ಲಿ ಕೊಲೊರಾಡೋದಲ್ಲೇ ಮೊದಲು ಕಂಡ ಜಿಂಕೆಗಳ ಮಿದುಳಿನ ರೋಗ. ಇದರ ಭಯಕ್ಕೇ ಕೈಗವಸು ಹಾಕಿಕೊಳ್ಳಿ, ಮಿದುಳು ಮತ್ತು ಬೆನ್ನುಹುರಿಗೆ ಚಾಕು ತಾಗಿಸಬೇಡಿ ಅಂತಾರೆ. ಪರೀಕ್ಷೆಯಲ್ಲಿ ರೋಗ ಕಂಡರೆ ಆ ಮಾಂಸ ತಿನ್ನಬಾರದು. ‘ಸೊರಗು ರೋಗ’ ಅನ್ನೋಣ ಅಂದರೆ ಅದು ರೈತರ ಬಾಯಲ್ಲಿ ಗಿಡಗಳ ರೋಗ. ‘ಬಡಕಲು ರೋಗ’ ಆದೀತೇ?

ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಬೇಟೆ ಅಪರಾಧ. ಹಾಗೇ ಇರಲಿ, ಕಾಡು ಉಳಿಯಬೇಕು. ಆದರೆ ಈ ಪದಗಳು ಹಿರಿಯರ ಜೊತೆಗೇ ಹೋಗಿಬಿಟ್ಟರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ತೀರ್ಥಹಳ್ಳಿ, ಕೊಪ್ಪ, ಸಕಲೇಶಪುರದ ಕಡೆಯವರು ದಯವಿಟ್ಟು ಮನೆಯ ಹಿರಿಯರನ್ನು ಕೇಳಿ ತಿಳಿಸಿ. ಹೊಟ್ಟೆ ಬಿಚ್ಚುವುದೂ ಹಸಿಗೆಯೊಳಗೇ ಸೇರುತ್ತಿತ್ತಾ, ಅಥವಾ ಅದಕ್ಕೆ ಬೇರೆ ಹೆಸರಿತ್ತಾ? ಬೇರೆ ಪದ ಸಿಗುವವರೆಗೆ ‘ಒಳಗಿನದು ತೆಗೆಯುವುದು’ ಅಂತ ಬರೆದುಕೊಂಡಿದ್ದೇನೆ.